ಸಿಲ್ಟುಕ್ಸಿಮ್ಯಾಬ್ ರೋಗಿಗಳಿಗೆ ನಾನು ಮಾಡಿಕೊಟ್ಟ ಕಾರ್ಡು

ಮುಂಬೈಯ ಪರೇಲ್ ಕಡೆ ಒಂದು ಆಸ್ಪತ್ರೆಯ ಡೇ ಕೇರ್‌ನಲ್ಲಿ ನಾನು ಇನ್ಫ್ಯೂಷನ್ ನರ್ಸ್, ಅಂದರೆ ಡ್ರಿಪ್‌ನಲ್ಲಿ ಔಷಧ ಕೊಡುವವಳು. ಸಿಲ್ಟುಕ್ಸಿಮ್ಯಾಬ್ ಅಂದರೆ ಕ್ಯಾಸಲ್‌ಮನ್ ಅನ್ನುವ, ದುಗ್ಧಗ್ರಂಥಿ ಊದಿಸುವ ಅಪರೂಪದ ಕಾಯಿಲೆಗೆ ಕೊಡುವ ಔಷಧ. ಆ ಕಾಯಿಲೆಯವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಮಾತ್ರ. ವಿಜಯಪುರ, ಬಾಗಲಕೋಟೆ ಕಡೆಯವರು ಬಂದರೆ ನನ್ನನ್ನೇ ಕರೆಯುತ್ತಾರೆ. ಅವರಿಗಾಗಿ ಕನ್ನಡದಲ್ಲಿ ಒಂದು ಕಾರ್ಡು ಮಾಡೋಣ ಅಂದಾಗ ವಾರ್ಡಿನಲ್ಲಿ ನಕ್ಕಿದ್ದರು. ನಾಲ್ಕು ಜನಕ್ಕೆ ಇಷ್ಟೆಲ್ಲ ಯಾಕೆ, ಯಾರು ಓದ್ತಾರೆ ಅಂತ. ಈಗ ಅದನ್ನೇ ಮರಾಠಿಯಲ್ಲಿ ಮಾಡಿಕೊಡು ಅಂತ ಅವರೇ ಬೆನ್ನು ಹತ್ತಿದ್ದಾರೆ.

ರೋಗಿಯ ತೂಕದ ಕೆಜಿಗೆ 11 ಮಿಲಿಗ್ರಾಂ ಔಷಧ, 250 ಮಿಲಿ ಡೆಕ್ಸ್ಟ್ರೋಸ್ ದ್ರಾವಣದಲ್ಲಿ ಬೆರೆಸಿ, ಒಂದು ಗಂಟೆ ಡ್ರಿಪ್, ಮೂರು ವಾರಕ್ಕೊಮ್ಮೆ. ಆ ಒಂದು ಗಂಟೆಯಲ್ಲಿ ಬೆನ್ನು ನೋವು, ಎದೆ ನೋವು ಬಂದರೆ ನಾವಿರುತ್ತೇವೆ. ರೋಗಿ ದಾದರ್‌ನಲ್ಲಿ ರೈಲು ಹತ್ತಿದ ಮೇಲೆ ಯಾರಿರುತ್ತಾರೆ?

ಮೊದಲು ಇಂಗ್ಲಿಷ್ ಕೈಪಿಡಿಯನ್ನು ಪೂರ್ತಿ ಕನ್ನಡಕ್ಕೆ ತಂದೆ. ಎಂಟು ಹತ್ತು ಪುಟ ಆಯಿತು. ಧರ್ಮಶಾಲೆಯಲ್ಲಿ ಚಟ್ನಿಪುಡಿ ಕಟ್ಟಲು ಬಳಕೆಯಾಯಿತು. ಆಮೇಲೆ ವಿಡಿಯೋ. ಎಡಿಟಿಂಗ್‌ಗೆ ನನ್ನ ಕೈಯಿಂದ ಆರೇಳು ಸಾವಿರ ಹೋಯಿತು. ಎಲ್ಲರೂ ನೋಡಿದರು, ಬೀಗರಿಗೂ ಕಳಿಸಿದರು. ಕೆಮ್ಮು ಬಂದರೆ ಏನು ಮಾಡ್ತೀರಿ ಅಂತ ಕೇಳಿದರೆ ಮಾತ್ರ ಉತ್ತರ ಇಲ್ಲ.

ಕೊನೆಗೆ ಅಂಗೈಯಷ್ಟು ಕಾರ್ಡಿಗೆ ಇಳಿಸಿದೆ. ದೊಡ್ಡ ಅಕ್ಷರದ ಮೊದಲ ಸಾಲು: ಜ್ವರಕ್ಕೆ ಕಾಯಬೇಡಿ. ಈ ಔಷಧ ಮೈಯಲ್ಲಿ ಉರಿಯೂತ ಎಬ್ಬಿಸುವ ಐಎಲ್-6 ಅನ್ನೋ ಪ್ರೋಟೀನನ್ನು ತಡೆಯುತ್ತದೆ. ಜ್ವರ ಏರಲು, ಸಿಆರ್‌ಪಿ (ಸೋಂಕು ಗುರುತಿಸಲು ರಕ್ತದಲ್ಲಿ ನೋಡುವ ಅಂಶ) ಏರಲು ಬೇಕಾದದ್ದೂ ಅದೇ. ಒಳಗೆ ಸೋಂಕು ಕುದಿಯುತ್ತಿದ್ದರೂ ಥರ್ಮಾಮೀಟರ್ ಸುಮ್ನೆ ಇರಬಹುದು. "ಜ್ವರ ಇಲ್ರೀ ಅಕ್ಕಾರ, ಬರೇ ಕೆಮ್ಮು" ಅಂತ ಫೋನಿನಲ್ಲಿ ಕೇಳಿದಾಗೆಲ್ಲ ನನಗೆ ಹೆದರಿಕೆ. ಊರಿನ ಡಾಕ್ಟರು ಸಿಆರ್‌ಪಿ ನಾರ್ಮಲ್ ನೋಡಿ ನೆಗಡಿ ಅಂದುಬಿಡುತ್ತಾರೆ. ಅದಕ್ಕೇ ಕಾರ್ಡಿನ ಹಿಂಬದಿ ಪೂರ್ತಿ ಆ ಡಾಕ್ಟರಿಗೆ, ಇಂಗ್ಲಿಷಿನಲ್ಲಿ: ಸಿಆರ್‌ಪಿ ನಂಬಬೇಡಿ, ಜೀವಂತ ಲಸಿಕೆ ಬೇಡ, ಜೋರು ಹೊಟ್ಟೆನೋವಿದ್ದರೆ ಕರುಳು ತೂತಾಗಿದೆಯಾ ನೋಡಿ, ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತಗೊಳ್ಳುತ್ತಿದ್ದರೆ ಐಎನ್ಆರ್ (ಹೆಪ್ಪುಗಟ್ಟುವ ವೇಗದ ಪರೀಕ್ಷೆ) ಮತ್ತೆ ಮಾಡಿಸಿ. ಬಾಗಲಕೋಟೆ ಕಡೆಯ ಒಬ್ಬ ಅಮ್ಮ ಅದನ್ನು ತೋರಿಸಿದರು. ಡಾಕ್ಟರು ಎಕ್ಸ್‌ರೇ ತೆಗೆಸಿದರು. ನ್ಯುಮೋನಿಯಾ. ವಾಸಿಯಾಗುವ ತನಕ ಡೋಸ್ ಮುಂದೂಡಿದೆವು. ವಾರ್ಡಿನ ನಗು ನಿಂತದ್ದು ಅವತ್ತು.

ಇನ್ನು ದುಡ್ಡು. ಇದು ಲಕ್ಷದ ಮಾತು. ಹೊರದೇಶದಿಂದ ಔಷಧ ತರಿಸಲು ಫಾರ್ಮ್ 12ಎ ಅರ್ಜಿ ಹಾಕಿ, 12ಬಿ ಪರ್ಮಿಟ್ ಬಂದು, ಕೋಲ್ಡ್ ಬಾಕ್ಸಿನಲ್ಲಿ ವಯಲ್ (ಔಷಧದ ಸೀಸೆ) ಬರುವಷ್ಟರಲ್ಲಿ ಮನೆಯವರು ಅರ್ಧ ಆಗಿರುತ್ತಾರೆ. ಬರೋದು 100 ಮತ್ತು 400 ಮಿಲಿಗ್ರಾಂ ವಯಲ್. 54 ಕೆಜಿ ತೂಕಕ್ಕೆ 594 ಮಿಲಿಗ್ರಾಂ, ಒಂದು ದೊಡ್ಡದು ಎರಡು ಚಿಕ್ಕದು ಸಾಕು. 57 ಆದರೆ 627, ಇನ್ನೊಂದು ಒಡೆಯಬೇಕಾ? ಅದು ಡಾಕ್ಟರ ತೀರ್ಮಾನ. ಆದರೆ ಈ ಕಾಯಿಲೆಯಲ್ಲಿ ಮೈಗೆ ನೀರು ತುಂಬುತ್ತೆ ಅಲ್ವಾ, ಹಳೇ ತೂಕ ನಂಬೋದು ಬೇಡ. ಉಳಿದದ್ದನ್ನು ಫ್ರಿಜ್ಜಿನಲ್ಲಿಡಿ ಅಂತ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಪ್ರಿಸರ್ವೇಟಿವ್ ಇಲ್ಲ, ಚೆಲ್ಲಲೇಬೇಕು.

ಜಾಸ್ತಿ ಉಳಿತಾಯ ಆದದ್ದು ಸಿಬಿಸಿಯಲ್ಲಿ, ಅಂದರೆ ಡೋಸ್‌ಗೆ ಮುಂಚೆ ಮಾಡಿಸುವ ರಕ್ತಕಣಗಳ ಎಣಿಕೆಯಲ್ಲಿ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ ಕನಿಷ್ಠ 1000 ಇರಬೇಕು. ಪ್ಲೇಟ್‌ಲೆಟ್ ಮೊದಲ ಸಲಕ್ಕೆ ಕನಿಷ್ಠ 75 ಸಾವಿರ, ಆಮೇಲೆ 50 ಸಾವಿರ. ಅದನ್ನು ಎರಡು ದಿನ ಮುಂಚೆ ಊರಲ್ಲೇ ಮಾಡಿಸಿ ವಾಟ್ಸಾಪ್ ಮಾಡಿಸುತ್ತೇನೆ. ಕಡಿಮೆ ಬಂದರೆ ರೈಲು ಹತ್ತೋದೇ ಬೇಡ. ಇಬ್ಬರ ಓಡಾಟ, ಊಟ, ವಸತಿ ಸೇರಿ ಮೂರು ನಾಲ್ಕು ಸಾವಿರ ಉಳಿಯುತ್ತೆ.

ಇದೇ ಕಾರ್ಡನ್ನು ಟೋಸಿಲಿಜುಮ್ಯಾಬ್ ಅನ್ನೋ ಇನ್ನೊಂದು ಔಷಧ ತಗೊಳ್ಳುವವರಿಗೂ ಕೊಟ್ಟು ನೋಡಿದೆ. ಜಪಾನಿನಲ್ಲಿ 2005ರಿಂದಲೇ ಈ ಕಾಯಿಲೆಗೆ ಅದನ್ನು ಕೊಡುತ್ತಾರೆ. ಅದೂ ಐಎಲ್-6 ದಾರಿಯನ್ನೇ ಮುಚ್ಚುವುದರಿಂದ ಜ್ವರದ ಸಾಲು ಹಾಗೇ ನಡೆಯಿತು. ಮೂರು ವಾರವನ್ನು ಎರಡು ಮಾಡಿದೆ, ಅಷ್ಟೇ.

ಕಾರ್ಡು ಕೊಟ್ಟು ಕಳಿಸಿದರೆ ಪ್ರಯೋಜನ ಇಲ್ಲ. ಊರಿನ ಡಾಕ್ಟರಿಗೆ ಏನು ಹೇಳ್ತೀರೋ ನನಗೆ ಹೇಳಿ ಅಂತ ಕೂರಿಸುತ್ತೇನೆ. ನಾಟಿ ಔಷಧಿ ಮುಚ್ಚಿಡುವವರ ಬಾಯಿ ಬಿಡಿಸಲು ಕೊನೆಗೊಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯಲ್ಲ. ಪರೇಲ್‌ಗೆ ಬಂದು ಚಹಾ ಕುಡಿಸಿ, ಹೇಳ್ತೀನಿ.

ಮಾಟುಂಗಾದಲ್ಲಿ ಪ್ರಿಂಟ್, ಲ್ಯಾಮಿನೇಷನ್ ಸೇರಿ ಒಂದಕ್ಕೆ ನಲವತ್ತು ರೂಪಾಯಿ ಆಸುಪಾಸು. ಲ್ಯಾಮಿನೇಷನ್ ಬಿಡಬೇಡಿ, ಎರಡನೇ ಸಲ ಬರುವಷ್ಟರಲ್ಲಿ ಕಾಗದ ಹಿಟ್ಟಾಗಿರುತ್ತೆ. ಮರಾಠಿ ಕಾರ್ಡಿನಲ್ಲಿ ಲಸಿಕೆಯ ಸಾಲು ಇನ್ನೂ ಉದ್ದ ಇದೆ. ಅದನ್ನು ಮೊಟಕು ಮಾಡಿದ ಮೇಲೆ ಪ್ರಿಂಟಿಗೆ ಕೊಡುತ್ತೇನೆ.