ಸಫೈರ್ ಹರಳನ್ನು ಬೇಕಾದ ಆಕಾರದಲ್ಲೇ ಬೆಳೆಸುವುದು ಹೇಗೆ

ಸಫೈರ್‌ನ ಗಡಸುತನ ಮೋಸ್ ಅಳತೆಯಲ್ಲಿ 9. ದೊಡ್ಡ ಗಟ್ಟಿ ಬೆಳೆಸಿ ಅದರಿಂದ ಕೊಳವೆ ಕೊರೆಯಲು ಹೋದರೆ ವಜ್ರದ ಉಪಕರಣವೂ ಸವೆಯುತ್ತದೆ, ಒಳ್ಳೆಯ ಹರಳೂ ಪುಡಿಯಾಗಿ ಹೋಗುತ್ತದೆ. ಮೊದಲೇ ಕೊಳವೆಯಾಗಿ, ಪಟ್ಟಿಯಾಗಿ ಬೆಳೆಸಿಬಿಟ್ಟರೆ? ಅದೇ ಇಎಫ್‌ಜಿ (ಎಡ್ಜ್-ಡಿಫೈನ್ಡ್ ಫಿಲ್ಮ್-ಫೆಡ್ ಗ್ರೋತ್) ವಿಧಾನ, 1960ರ ದಶಕದ ಕೊನೆಯಲ್ಲಿ ಅಮೆರಿಕದ ಟೈಕೊ ಲ್ಯಾಬ್‌ನಲ್ಲಿ ಲಾಬೆಲ್ ಮತ್ತು ಮ್ಲಾವ್‌ಸ್ಕಿ ರೂಪಿಸಿದ್ದು.

ಮಾಲು ಕರಗಿಸುವ ಮೂಸೆ, ಅದರೊಳಗೆ ನಿಂತು ಹರಳಿಗೆ ಆಕಾರ ಕೊಡುವ ಅಚ್ಚು ಅಂದರೆ ಡೈ, ಎರಡೂ ಮಾಲಿಬ್ಡಿನಮ್ ಲೋಹದವು ಇರಲಿ. ಸಫೈರ್ ಅಂದರೆ ಹರಳಾದ ಅಲ್ಯುಮಿನಾ (ಅಲ್ಯುಮಿನಿಯಮ್ ಆಕ್ಸೈಡ್); ಅದು ಕರಗುವುದು ಸುಮಾರು 2050 ಡಿಗ್ರಿ ಸೆಲ್ಸಿಯಸ್‌ಗೆ, ಮಾಲಿಬ್ಡಿನಮ್ 2600 ದಾಟಿದ ಮೇಲೆ. ಆದರೆ ಬಿಸಿಯಲ್ಲಿ ಗಾಳಿ ತಾಗಿದರೆ ಮಾಲಿಬ್ಡಿನಮ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ, ಹಾಗಾಗಿ ಮೊದಲು ನಿರ್ವಾತ, ಆಮೇಲೆ ಆರ್ಗಾನ್. ಮೂಸೆಗೆ ಸುಮ್ನೆ ಪುಡಿ ತುಂಬಬೇಡಿ. ಪುಡಿಯನ್ನು ಜ್ವಾಲೆಯಲ್ಲಿ ಕರಗಿಸುವ ಹಳೇ ವರ್ನ್ಯೂಯ್ ವಿಧಾನದಲ್ಲಿ ಬೆಳೆದ ಸಫೈರ್ ಚೂರು ಹಾಕಿದರೆ ಜಾಸ್ತಿ ಮಾಲು ಹಿಡಿಸುತ್ತದೆ, ಗಾಳಿಯೂ ಕಡಿಮೆ ಸಿಕ್ಕಿಕೊಳ್ಳುತ್ತದೆ.

ಇನ್ನು ಡೈ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ್ದು ಇದಕ್ಕೇ. ಅದರ ಕಿರಿದಾದ ಸೀಳು, ದೀಪದ ಬತ್ತಿ ಎಣ್ಣೆ ಹೀರಿದಂತೆ, ಕರಗಿದ ಅಲ್ಯುಮಿನಾವನ್ನು ಮೇಲಕ್ಕೆ ಎಳೆಯುತ್ತದೆ; ಅರ್ಧ ಮಿಲಿಮೀಟರ್ ಸೀಳಾದರೆ ಹಲವು ಸೆಂಟಿಮೀಟರ್ ಏರುತ್ತದೆ. ಮೇಲೆ ಬಂದ ದ್ರವ ಡೈ ತಲೆಯ ಮೇಲೆ ಹರಡಿ ಅಂಚಿಗೆ ಬಂದು ನಿಲ್ಲುತ್ತದೆ. ಅಂದರೆ ಸೀಳು ಬರೀ ದ್ರವ ಪೂರೈಸುತ್ತದೆ, ಆಕಾರ ಕೊಡುವುದು ಅಂಚು. 3 ಮಿಲಿಮೀಟರ್ ದಪ್ಪದ ಪಟ್ಟಿ ಬೇಕಾದರೆ ತಲೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿಟ್ಟರೂ ಹರಳಿನ ಉದ್ದಕ್ಕೂ ಗೆರೆ ಬೀಳುತ್ತದೆ, ಆದ್ದರಿಂದ ಮಸೂರದಲ್ಲಿ ನೋಡಿ ಉಜ್ಜಿ.

ಬೆಳವಣಿಗೆ ಶುರುವಾಗುವುದು ಸೀಡ್ ಎಂಬ ಸಣ್ಣ ಸಫೈರ್ ತುಂಡಿನಿಂದ; ಸೀಡ್ ಯಾವ ದಿಕ್ಕಿನದೋ ಹರಳೂ ಅದೇ ದಿಕ್ಕಿನದು. ಸಫೈರ್‌ನ ಎರಡು ವಕ್ರೀಭವನಾಂಕಗಳಿಗೆ ಸುಮಾರು 0.008 ವ್ಯತ್ಯಾಸವಿದೆ, ಇದರಿಂದ ಹಾದುಹೋಗುವ ಬೆಳಕಿನ ಧ್ರುವೀಕರಣ (ಕಂಪನದ ದಿಕ್ಕು) ಬದಲಾಗಬಹುದು. ಹರಳಿನ ಸಿ-ಅಕ್ಷದ ಉದ್ದಕ್ಕೆ ಸಾಗುವ ಬೆಳಕಿಗೆ ಈ ವ್ಯತ್ಯಾಸ ತಟ್ಟುವುದಿಲ್ಲ, ಹಾಗಾಗಿ ಧ್ರುವೀಕರಣ ಮುಖ್ಯವಾದ ಕಿಟಕಿಗೆ ಸಿ-ಅಕ್ಷ ಮುಖಕ್ಕೆ ಲಂಬವಾಗಿರಬೇಕು, ಇದನ್ನು ಪಟ್ಟಿಯಾಗಿ ಎಳೆಯುವುದು ಕಷ್ಟ. ಸಿ-ಅಕ್ಷ ಮುಖಕ್ಕೆ ಸಮಾನಾಂತರವಾಗಿರುವ ಎ-ಮುಖದ ಪಟ್ಟಿ ಸಲೀಸು. ಸಾಮಾನ್ಯ ರಕ್ಷಣಾ ಕಿಟಕಿಗೆ ಅದು ಸಾಕು ಅಲ್ವಾ?

ಸೀಡನ್ನು ಡೈಗೆ ತಾಗಿಸಿ, ತುದಿ ಸ್ವಲ್ಪ ಕರಗಲು ಬಿಡಿ, ಆಮೇಲೆ ಎಳೆಯಲು ಶುರು ಮಾಡಿ. ಕಪ್ಪು ಗಾಜಿನ ಕಿಂಡಿಯಿಂದ ನೋಡಿದರೆ ಹರಳಿಗೂ ಡೈಗೂ ನಡುವೆ ಒಂದು ತೆಳುವಾದ ಹೊಳೆಯುವ ಗೆರೆ ಕಾಣುತ್ತದೆ, ಒಂದು ಮಿಲಿಮೀಟರಿಗಿಂತ ಎಷ್ಟೋ ಕಡಿಮೆ. ಕಣ್ಣು ಅಲ್ಲೇ ಇರಲಿ. ಗೆರೆ ಎತ್ತರವಾಗುತ್ತಾ ಹರಳು ಸಣ್ಣಗಾದರೆ ಶಾಖ ಜಾಸ್ತಿ, ಹಾಗೇ ಬಿಟ್ಟರೆ ಕಿತ್ತುಕೊಂಡು ಬರುತ್ತದೆ. ಗೆರೆ ಮಾಯವಾಗಿ, ಎಳೆಯುವ ಹರಳಿನ ತೂಕ ತೋರಿಸುವ ಅಳತೆ ದಿಢೀರನೆ ಏರಿದರೆ ಹರಳು ಡೈಗೆ ಹೆಪ್ಪುಗಟ್ಟಿದೆ. ಎಳೆಯುವುದನ್ನು ತಕ್ಷಣ ನಿಲ್ಲಿಸಿ, ಶಾಖ ನಿಧಾನವಾಗಿ ಏರಿಸಿ. ವೇಗದ ಆಸೆ ಬೇಡ. ಬೇಗ ಎಳೆದಷ್ಟೂ ಸಣ್ಣ ಗುಳ್ಳೆಗಳು ಒಳಗೇ ಉಳಿಯುತ್ತವೆ.

ತಣಿಸುವಾಗಲೂ ಅವಸರ ಮಾಡಬೇಡಿ. ಡೈ ಮೇಲ್ಭಾಗದಲ್ಲಿ ಶಾಖ ತಡೆಯುವ ಮಾಲಿಬ್ಡಿನಮ್ ತಗಡುಗಳಿರಲಿ, ಇಲ್ಲದಿದ್ದರೆ ಒಳಗಿನ ಬಿಗಿತಕ್ಕೆ ಹರಳು ಸೀಳುತ್ತದೆ.

ಹೊರಬಂದ ಮೇಲ್ಮೈ ನುಣುಪಾಗಿ ಕಂಡರೂ ಬೆಳಕಿನ ಕೆಲಸಕ್ಕೆ ಸಾಲದು. ಗುಳ್ಳೆಗಳು ಹೆಚ್ಚಾಗಿ ಮೇಲ್ಮೈಗೆ ಹತ್ತಿರವೇ ಇರುತ್ತವೆ, ಅಷ್ಟನ್ನು ಸವೆಸಿ ತೆಗೆಯುವಂತೆ ದಪ್ಪವನ್ನು ಮೊದಲೇ ಜಾಸ್ತಿ ಇಟ್ಟುಕೊಳ್ಳಿ. ಪಾಲಿಶ್‌ಗೆ ದುಡ್ಡು ಹಾಕುವ ಮೊದಲು ಪಕ್ಕದಿಂದ ಜೋರು ಬೆಳಕು ಬಿಟ್ಟು ಗುಳ್ಳೆ ಹುಡುಕಿ, ಅಡ್ಡ ಹಿಡಿದ ಎರಡು ಪೋಲರೈಸರ್‌ಗಳ ನಡುವೆ ಇಟ್ಟು ಬಿಗಿತ ನೋಡಿ.