ದಾಂಡೇಲಿಗೆ ಮೊದಲ ಸಲ ಹೋಗುವವರು ತಿಳಿದಿರಬೇಕಾದದ್ದು

ಮಳೆಗಾಲ ಕಳೆದ ಮೇಲೆ ದಾಂಡೇಲಿಯ ಕಾಳಿ ಹೊಳೆ ಏರುವುದೂ ಇಳಿಯುವುದೂ ಕರೆಂಟಿನ ಲೆಕ್ಕದಲ್ಲಿ. ಊರಿನಿಂದ ಸುಮಾರು 25 ಕಿ.ಮೀ. ಮೇಲ್ಗಡೆ, ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. ಅಲ್ಲಿ ಟರ್ಬೈನ್ ತಿರುಗಿದರೆ ಹೊಳೆ ತುಂಬುತ್ತದೆ, ನಿಂತರೆ ಬಂಡೆಗಳು ಮೇಲೇಳುತ್ತವೆ. ಕಾಡಿಗೆ ಇನ್ನೊಂದೇ ಲೆಕ್ಕ: ಬೆಳಕು ಹರಿಯುವ ಹೊತ್ತಿನ ಎರಡು ತಾಸು, ಸೂರ್ಯ ಇಳಿಯುವ ಹೊತ್ತಿನ ಎರಡು ತಾಸು. ಈ ಎರಡನ್ನೂ ಹೊಂದಿಸಿಕೊಂಡು ದಿನ ಜೋಡಿಸಿದರೆ ಎರಡು ರಾತ್ರಿಯ ಪ್ರವಾಸ ಸಾರ್ಥಕ. ಒಂದೇ ದಿನಕ್ಕೆ ಬಂದರೆ ಬಹುಪಾಲು ರಸ್ತೆಯೇ ಸಿಗುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಈ ಊರು ಬೆಳೆದದ್ದು ಬಿದಿರು ಮತ್ತು ಹೊಳೆನೀರನ್ನು ನಂಬಿ 1950ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆಯಿಂದ. ಅದೇ ದಶಕದಲ್ಲಿ, 1956ರಲ್ಲಿ, ಸುತ್ತಲ ಕಾಡು ವನ್ಯಜೀವಿಧಾಮವಾಯಿತು. ಅದೂ ಪಕ್ಕದ ಅಣಶಿ ರಾಷ್ಟ್ರೀಯ ಉದ್ಯಾನವೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. 2015ರಿಂದ ಅದರ ಹೆಸರು ಕಾಳಿ ಹುಲಿ ಸಂರಕ್ಷಿತ ಪ್ರದೇಶ.

ತಲುಪುವುದು ಸುಲಭ. ರೈಲಿನಲ್ಲಿ ಧಾರವಾಡ ಅಥವಾ ಹುಬ್ಬಳ್ಳಿಗೆ ಬನ್ನಿ, ಅಲ್ಲಿಂದ ಹಳಿಯಾಳದ ಮೇಲೆ ಹಾದು ಬರುವ ಬಸ್ಸು ಹಿಡಿಯಿರಿ. ಧಾರವಾಡದಿಂದ ಐವತ್ತೈದು ಕಿ.ಮೀ. ಆಸುಪಾಸು, ಹುಬ್ಬಳ್ಳಿಯಿಂದ ಎಪ್ಪತ್ತೈದು. ವಿಮಾನ ನಿಲ್ದಾಣವೂ ಹುಬ್ಬಳ್ಳಿಯದೇ ಹತ್ತಿರ. ನಕ್ಷೆಯಲ್ಲಿ ಅಳ್ನಾವರ ಸ್ಟೇಷನ್ ಇನ್ನೂ ಸಮೀಪ ಕಾಣುತ್ತದೆ, ಆದರೆ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ.

ಹೊಸಬರು ಹೆಚ್ಚಾಗಿ ಎಡವುವುದು ರೂಮು ಬುಕ್ ಮಾಡುವಾಗ. ಆನ್‌ಲೈನ್‌ನಲ್ಲಿ ‘ದಾಂಡೇಲಿ’ ಎಂದು ಬರೆದುಕೊಂಡ ರೆಸಾರ್ಟು, ಹೋಮ್‌ಸ್ಟೇಗಳಲ್ಲಿ ಎಷ್ಟೋ ಇರುವುದು ಗಣೇಶಗುಡಿಯಲ್ಲಿ, ಇಲ್ಲವೇ ಜೋಯಿಡಾ ಕಡೆಯ ಹಳ್ಳಿಗಳಲ್ಲಿ. ಬೆಳಗಿನ ಸಫಾರಿಗೆ ಅಲ್ಲಿಂದ ಹೊರಡಬೇಕೆಂದರೆ ಕತ್ತಲಲ್ಲಿ ಮುಕ್ಕಾಲು ತಾಸು ಕಾಡುರಸ್ತೆ. ಆದ್ದರಿಂದ ಮುಂಗಡ ಕೊಡುವ ಮೊದಲು ‘ದಾಂಡೇಲಿ ಬಸ್‌ಸ್ಟ್ಯಾಂಡಿನಿಂದ ಎಷ್ಟು ದೂರ’ ಎಂದು ಕೇಳಿ, ಲೊಕೇಶನ್ ತರಿಸಿಕೊಳ್ಳಿ. ಸಫಾರಿ ಮುಖ್ಯವಾದರೆ ಊರಲ್ಲಿ ಅಥವಾ ಕುಳಗಿ ಕಡೆ ಉಳಿಯಿರಿ. ಅರಣ್ಯ ಇಲಾಖೆಯ ನಿಸರ್ಗ ಶಿಬಿರ ಕುಳಗಿಯಲ್ಲೇ ಇದೆ. ರಾಫ್ಟಿಂಗ್ ಅಥವಾ ಹಕ್ಕಿ ಫೋಟೋ ಮುಖ್ಯವಾದರೆ ಗಣೇಶಗುಡಿಯೇ ಸರಿ. ಸೂಪಾ ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಕಟ್ಟಡ ಅಲ್ಲಿ ಈಗ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ಓಲ್ಡ್ ಮ್ಯಾಗಜಿನ್ ಹೌಸ್ ಎಂಬ ವಸತಿ. ಅದರ ಅಂಗಳದ ನೀರಿನ ತೊಟ್ಟಿಗಳಿಗೆ ಹಕ್ಕಿಗಳು ತಾವಾಗಿ ಬರುತ್ತವೆ.

ಕಾಲ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರು, ರಾಫ್ಟಿಂಗ್ ಇರುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿ ಹಿತ. ಮಾರ್ಚ್ ನಂತರ ಸೆಕೆ ಇದ್ದರೂ ಎಲೆ ಉದುರಿ ಕಾಡು ತೆರೆದುಕೊಳ್ಳುತ್ತದೆ, ಪ್ರಾಣಿಗಳು ನೀರಿಗೆ ಬರುತ್ತವೆ. ಮಾಘದಲ್ಲಿ ಉಳವಿ ಚನ್ನಬಸವೇಶ್ವರ ಜಾತ್ರೆ. ಧಾರವಾಡ, ಬೆಳಗಾವಿ ಸೀಮೆಯ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ನೋಡಲೇಬೇಕಾದ ಸಾಲು ಅದು. ಆ ವಾರ ಬರುವುದಾದರೆ ರಸ್ತೆಗೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ, ರೂಮು ಮೊದಲೇ ಹಿಡಿಯಿರಿ.

ಹುಲಿ ನೋಡಲೆಂದೇ ಇಲ್ಲಿಗೆ ಬರಬೇಡಿ. ದಾಂಡೇಲಿ ಮಂಗಟ್ಟೆಗಳ ಊರು. ಹಾರ್ನ್‌ಬಿಲ್ ಎಂದು ಎಲ್ಲರೂ ಕರೆಯುವ ಈ ಹಕ್ಕಿಯ ನಾಲ್ಕು ಜಾತಿಗಳು ಇಲ್ಲಿವೆ: ಗ್ರೇಟ್, ಮಲಬಾರ್ ಪೈಡ್, ಮಲಬಾರ್ ಗ್ರೇ, ಇಂಡಿಯನ್ ಗ್ರೇ. ಇವಕ್ಕೆಂದೇ 2011ರಲ್ಲಿ ಇಲ್ಲಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಕಾಡೊಳಗೆ ಹೋಗುವ ಮೊದಲೇ ಊರಿನ ಟಿಂಬರ್ ಡಿಪೋ ಸುತ್ತ ಬೆಳಗ್ಗೆ ಆರೂವರೆಗೆ ನಿಂತುಕೊಳ್ಳಿ. ಒಳಗೆ ಹೋಗಬೇಕಾದರೆ ಗೇಟಿನಲ್ಲಿ ಅನುಮತಿ ಕೇಳಿ. ಹಣ್ಣು ಬಿಟ್ಟ ಆಲ, ಅತ್ತಿ, ಬಸರಿ ಮರ ಹುಡುಕಿ, ಅದರಿಂದ ಮೂವತ್ತು ನಲವತ್ತು ಹೆಜ್ಜೆ ದೂರ ಕದಲದೆ ನಿಲ್ಲಿ. ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ: ದೊಡ್ಡ ಮಂಗಟ್ಟೆ ರೆಕ್ಕೆ ಬೀಸಿದರೆ ಹಳೆಯ ಉಗಿಬಂಡಿ ದಮ್ಮು ಬಿಟ್ಟಂತೆ ಹುಸ್‌ ಹುಸ್‌ ಎಂಬ ಸದ್ದು ತಲೆಯ ಮೇಲೆ ಹಾಯುತ್ತದೆ. ಗಂಟಲು ಬಿಚ್ಚಿ ನಕ್ಕಂತೆ ಕೇಳಿಸಿದರೆ ಮಲಬಾರ್ ಗ್ರೇ. ಅದರ ಕೊಕ್ಕಿನ ಮೇಲೆ ಕೊಂಬಿನಂಥ ಉಬ್ಬು ಇರುವುದಿಲ್ಲ, ಗುರುತಿಗೆ ಅಷ್ಟು ಸಾಕು.

ಬೇಸಿಗೆ ಇವುಗಳ ಗೂಡಿನ ಕಾಲ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಮೆತ್ತಿಕೊಂಡು, ಕೊಕ್ಕು ಹೊರಚಾಚುವಷ್ಟು ಸೀಳು ಮಾತ್ರ ಬಿಡುತ್ತದೆ. ಮರಿ ಬೆಳೆಯುವವರೆಗೂ ಗಂಡು ತಂದ ಹಣ್ಣೇ ಅದರ ಊಟ. ನೀವು ಗೂಡಿನ ಮರದ ಬುಡದಲ್ಲಿ ನಿಂತಿದ್ದರೆ ಗಂಡು ದೂರದ ಕೊಂಬೆಯಲ್ಲೇ ಕಾಯುತ್ತದೆ, ಒಳಗಿನವರು ಉಪವಾಸ. ಫೋಟೋ ತೆಗೆದು ಬೇಗ ಸರಿಯಿರಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದಂತೂ ಬೇಡವೇ ಬೇಡ.

ಸಫಾರಿ ಜೀಪು ಹೊರಡುವುದು ಅಂಬಿಕಾನಗರ ರಸ್ತೆಯ ಪಣಸೋಲಿಯಿಂದ, ಬೆಳಗ್ಗೆ ಮತ್ತು ಸಂಜೆ. ಸ್ವಂತ ಗಾಡಿ ಒಳಗೆ ಬಿಡುವುದಿಲ್ಲ. ಬೆಳಗಿನದನ್ನೇ ಹಿಡಿಯಿರಿ. ಕಾಡು ದಟ್ಟ, ನಾಗರಹೊಳೆಯಂತೆ ದೂರಕ್ಕೆ ಕಣ್ಣು ಹಾಯುವುದಿಲ್ಲ. ಕಾಟಿ, ಕಡವೆ, ಜಿಂಕೆ, ಕೆಂದಳಿಲು ಸಿಕ್ಕರೆ ಒಳ್ಳೆಯ ದಿನ. ಈ ಕಾಡಿಗೆ ಹೆಸರು ತಂದ ಕಪ್ಪು ಚಿರತೆ ಕಂಡರೆ ನಿಮ್ಮ ಪುಣ್ಯ.

ಇನ್ನು ರಾಫ್ಟಿಂಗ್. ಹಿಂದಿನ ಸಂಜೆಯೇ ರಾಫ್ಟಿಂಗ್ ನಡೆಸುವವರಿಗೆ ಫೋನು ಮಾಡಿ ‘ನಾಳೆ ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ’ ಎಂದು ಕೇಳಿ. ಹಾಗೆ ಕೇಳದೆ ಬಂದವರು ಒಣಬಂಡೆ ನೋಡುತ್ತ ಕೂರಬೇಕಾಗುತ್ತದೆ. ಉದ್ದದ ಸವಾರಿಯೋ ಚಿಕ್ಕ ಸುತ್ತೋ, ಮಕ್ಕಳಿಗೆ ವಯಸ್ಸಿನ ಮಿತಿ ಏನು ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ಲೈಫ್ ಜಾಕೆಟ್ಟಿನ ಎಲ್ಲ ಬಕಲ್ ಬಿಗಿದ ಮೇಲೆ ಜೊತೆಯವರಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಲು ಹೇಳಿ. ಜಾಕೆಟ್ಟು ಗಲ್ಲ ದಾಟಿ ಮೇಲೆ ಬಂದರೆ ಸಡಿಲ, ಬೇರೆಯದು ತೆಗೆದುಕೊಳ್ಳಿ. ಹುಟ್ಟಿನ ಮೇಲ್ತುದಿಯ ಹಿಡಿಯನ್ನು ಅಂಗೈಯಲ್ಲಿ ಮುಚ್ಚಿಯೇ ಇರಿ, ಪಕ್ಕದವರ ಹಲ್ಲು ಮುರಿಯುವುದು ಅದರಿಂದಲೇ. ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ ಬೆರಳು ಮೇಲೆ ಇರಲಿ. ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ: ಬಂಡೆಯ ಸಂದಿಗೆ ಪಾದ ಸಿಕ್ಕರೆ ಹಿಂದಿನ ನೀರು ಮೈಯನ್ನು ಮುಂದಕ್ಕೆ ಮಡಚಿ ಮುಳುಗಿಸುತ್ತದೆ. ಮೊಣಕಾಲು ನೀರಿನಲ್ಲೂ ಹೀಗಾಗಬಹುದು.

ಗೈಡ್ ಇಲ್ಲದೆ ಹೊಳೆಗೆ ಇಳಿಯಲೇಬೇಡಿ. ಒಂದು ಕಾರಣ, ಮೇಲೆ ಟರ್ಬೈನ್ ಶುರುವಾದರೆ ನೀವು ಕೂತ ಬಂಡೆ ನೋಡನೋಡುತ್ತ ನಡುಗಡ್ಡೆಯಾಗುತ್ತದೆ. ಇನ್ನೊಂದು, ಮೊಸಳೆ. ಊರಿಗೆ ಹೆಸರು ಕೊಟ್ಟ ದಾಂಡೇಲಪ್ಪನ ಗುಡಿಯ ಕಡೆ, ನೀರು ನಿಧಾನವಾಗಿರುವಲ್ಲಿ, ಅವು ಬಿಸಿಲು ಕಾಯುತ್ತ ಮಲಗಿರುತ್ತವೆ. ಇಲ್ಲಿ ಮೊಸಳೆಗೆ ಜೀವಗಳು ಹೋಗಿವೆ. ಎತ್ತರದ ದಡದಿಂದ ದುರ್ಬೀನಿನಲ್ಲಿ ನೋಡಿ, ಮಾಂಸದ ತುಂಡು ಎಸೆಯಬೇಡಿ, ನೀರಂಚಿನಲ್ಲಿ ಕೂತು ಮೀನು ಹಿಡಿಯುವುದು, ಕೈ ತೊಳೆಯುವುದು ಬೇಡ.

ಉಳಿದ ಜಾಗಗಳಲ್ಲಿ ಸಿಂಥೇರಿ ರಾಕ್ಸ್ ತಪ್ಪಿಸಬೇಡಿ. ಕಾನೇರಿ ಹೊಳೆಯ ದಂಡೆಗೆ ನೂರಾರು ಅಡಿ ಎತ್ತರದ ಒಂಟಿ ಬಂಡೆ, ಅದಕ್ಕೆ ಹೆಜ್ಜೇನು ಕಟ್ಟಿರುತ್ತದೆ. ಸೆಂಟು ಹಾಕಿಕೊಂಡು ಹೋಗಬೇಡಿ, ಕೂಗಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ. ಕವಳಾ ಗುಹೆಗೆ ಬಾಗಿ, ಕೆಲವೆಡೆ ತೆವಳಿ ಹೋಗಬೇಕು. ಮಂಡಿನೋವು ಇದ್ದವರಿಗೆ ಆಗದು, ಟಾರ್ಚು ಬೇಕೇಬೇಕು. ಹೊರಡುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ದಾಂಡೇಲಿ ಬಿಡುವ ಮುಂಚೆಯೇ ಪೆಟ್ರೋಲು ತುಂಬಿಸಿ, ಸ್ವಲ್ಪ ನಗದು ಇಟ್ಟುಕೊಳ್ಳಿ: ಜೋಯಿಡಾ ಕಡೆ ನೆಟ್‌ವರ್ಕ್ ಕೈಕೊಟ್ಟರೆ ಫೋನ್‌ಪೇ ನಡೆಯುವುದಿಲ್ಲ. ಮಳೆಗಾಲದಲ್ಲೂ ಅದರ ಬೆನ್ನಿಗೂ ಬರುವವರು ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿ, ಸಾಕ್ಸಿಗೆ ಹೊಗೆಸೊಪ್ಪಿನ ನೀರು ಸವರಿಕೊಳ್ಳಿ. ಉಂಬಳ (ಜಿಗಣೆ) ಹತ್ತಿದರೆ ಕಿತ್ತೆಳೆಯದೆ ಉಗುರನ್ನು ಅದರ ಬಾಯಿಯ ಪಕ್ಕದಲ್ಲಿ ಸರಿಸಿ ಬಿಡಿಸಿ, ಸೋಪು ನೀರಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ಸ್ವಲ್ಪ ಹೊತ್ತು ಜಿನುಗುತ್ತದೆ, ಗಾಬರಿ ಬೇಡ. ಬೇಸಿಗೆಯಲ್ಲಿ ಕಾಟ ಉಣ್ಣಿಯದು (ಉಣುಗು), ರೂಮಿಗೆ ಬಂದ ಕೂಡಲೇ ಬಟ್ಟೆ ಬಿಚ್ಚಿ ಕಂಕುಳು, ಸೊಂಟ, ಮೊಣಕಾಲ ಹಿಂಭಾಗ ನೋಡಿಕೊಳ್ಳಿ.