ಎರಡು ಮೊಲಗಳನ್ನು ಜೊತೆಗೂಡಿಸುವ ಬಗೆ

ಒಂಟಿ ಮೊಲಕ್ಕೆ ಜೊತೆಯಾಗಲೆಂದು ಇನ್ನೊಂದನ್ನು ತಂದು, ಅದೇ ಸಂಜೆ ಹಳೆಯದರ ಗೂಡಿಗೆ ಬಿಡುವವರನ್ನು ನಮ್ಮ ಶಿರಸಿ ಸೀಮೆಯಲ್ಲಿ ಕಂಡಿದ್ದೇನೆ. ಮೊದಲ ಸಲ ನಾನೂ ಹಾಗೆಯೇ ಮಾಡಿದ್ದೆ. ಕ್ಷಣಾರ್ಧದಲ್ಲಿ ಗೂಡಿನ ತುಂಬ ಕೂದಲು ಹಾರಿ, ಹೊಸ ಮೊಲದ ಕಿವಿಯಂಚು ಹರಿದಿತ್ತು. ಮೊಲ ಗುಂಪಿನಲ್ಲಿ ಬಾಳುವ ಪ್ರಾಣಿಯೇ ಹೌದು, ಆದರೆ ಗದ್ದದ ಕೆಳಗಿನ ಗ್ರಂಥಿಯನ್ನು ಉಜ್ಜಿ ತನ್ನ ನೆಲಕ್ಕೆ ವಾಸನೆಯ ಗುರುತು ಹಾಕಿಕೊಂಡಿರುವುದರಿಂದ, ಅಲ್ಲಿಗೆ ಬಂದ ಅಪರಿಚಿತ ಮೊಲವನ್ನು ಅದು ಕಳ್ಳನಂತೆ ಕಾಣುತ್ತದೆ.

ಮೊದಲು ಆಗಬೇಕಾದದ್ದು ಸಂತಾನಹರಣ ಶಸ್ತ್ರಚಿಕಿತ್ಸೆ. ಗಂಡಿಗೆ ಸುಮಾರು 4 ತಿಂಗಳು, ಹೆಣ್ಣಿಗೆ 5–6 ತಿಂಗಳು ತುಂಬಿದ ಮೇಲೆ, ಮೊಲಗಳ ಅನುಭವವಿರುವ ಪಶುವೈದ್ಯರಿಂದಲೇ ಇದನ್ನು ಮಾಡಿಸಬೇಕು, ಅದಕ್ಕಾಗಿ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಬೇಕಾದರೂ ಸರಿಯೇ. ಶಸ್ತ್ರಚಿಕಿತ್ಸೆಗೆ ಮುನ್ನ ಹೊಟ್ಟೆ ಖಾಲಿ ಇಡುವ ನಾಯಿ-ಬೆಕ್ಕುಗಳ ನಿಯಮ ಮೊಲಕ್ಕೆ ಸಲ್ಲದು. ಮೊಲ ವಾಂತಿ ಮಾಡಲಾರದು, ಮೇವು ತಪ್ಪಿದರೆ ಅದರ ಕರುಳೇ ನಿಂತುಹೋಗಬಹುದು. ಗಂಡು ಮೊಲ ಆನಂತರವೂ ಸುಮಾರು 6 ವಾರ ಗರ್ಭ ಕಟ್ಟಿಸಬಲ್ಲದಾದ್ದರಿಂದ ಅಷ್ಟು ದಿನ ಅದನ್ನು ಹೆಣ್ಣಿನಿಂದ ಬೇರೆ ಇಡಬೇಕು.

ಆ ಅವಧಿಯಲ್ಲಿ ಎರಡು ಗೂಡುಗಳನ್ನು ನಾಲ್ಕು ಬೆರಳಿನ ಅಂತರದಲ್ಲಿ ಅಕ್ಕಪಕ್ಕ ಇಡಿ. ಜಾಲರಿಗೆ ಜಾಲರಿ ತಾಗಿದರೆ ಮೂಗು, ಕಾಲ್ಬೆರಳುಗಳನ್ನು ಕಚ್ಚುತ್ತವೆ. ಹಾಸಿದ ಬಟ್ಟೆಯನ್ನು ಅದಲುಬದಲು ಮಾಡಿ, ಗರಿಕೆಯನ್ನೂ ಬೇಣದ ಕರಡವನ್ನೂ (ಹುಲ್ಲುಗಾವಲಿನ ಒಣಹುಲ್ಲು) ಇಬ್ಬರಿಗೂ ಒಂದೇ ಹೊತ್ತಿಗೆ, ಗೂಡುಗಳು ಎದುರಾಗುವ ಬದಿಯಲ್ಲಿಯೇ ಹಾಕಿ.

ಮುಖಾಮುಖಿ ಮಾಡಿಸಲು ಹಳೆಯ ಮೊಲ ಒಮ್ಮೆಯೂ ಕಾಲಿಡದ ಕೋಣೆ ಬೇಕು. ನುಣುಪು ನೆಲದಲ್ಲಿ ಕಾಲು ಜಾರಿ ಮೊಲ ಬೆದರುತ್ತದೆ, ಆದ್ದರಿಂದ ಹತ್ತಿಯ ಚಾದರ ಹಾಸಬೇಕು. ಮೊದಲ ದಿನಗಳಲ್ಲಿ 10–15 ನಿಮಿಷ ಸಾಕು. ಒಂದು ಇನ್ನೊಂದರ ಬೆನ್ನೇರುವುದು ಯಜಮಾನಿಕೆ ಗೊತ್ತುಮಾಡಿಕೊಳ್ಳುವ ಕ್ರಮ, ಸ್ವಲ್ಪ ಹೊತ್ತು ಬಿಡಬಹುದು. ತಲೆಯ ಕಡೆಯಿಂದ ಏರಿದರೆ ಮಾತ್ರ ಕೂಡಲೇ ಇಳಿಸಬೇಕು, ಏಕೆಂದರೆ ಕೆಳಗಿರುವುದು ಮೇಲಿನದರ ಜನನಾಂಗವನ್ನೇ ಕಚ್ಚಬಹುದು. ಕಿವಿ ಹಿಂದಕ್ಕೆ ಒರಗಿ, ಬಾಲ ನಿಮಿರಿ, ಗುರುಗುಟ್ಟುತ್ತ ಎರಡೂ ಒಂದರ ಹಿಂದೊಂದು ಸುತ್ತತೊಡಗಿದರೆ ಜಗಳಕ್ಕೆ ಇನ್ನು ಕ್ಷಣಗಳಷ್ಟೇ ಉಳಿದಿರುತ್ತವೆ. ಆಗ ಬರಿಗೈ ಹಾಕಬಾರದು. ನಾನು ಒಣಗಿದ ಅಡಿಕೆ ಹಾಳೆಯೊಂದನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ. ಅಗಲವಾದ ಆ ಹಾಳೆಯನ್ನು ಎರಡು ಮೂತಿಗಳ ನಡುವೆ ಇಳಿಸಿದರೆ ಒಂದಕ್ಕೊಂದು ಕಾಣದಂತಾಗಿ ಎರಡೂ ಹಿಂದೆ ಸರಿಯುತ್ತವೆ. ಕಚ್ಚಿದ ಗಾಯ ಹೊರಗೆ ಸಾಸಿವೆಯಷ್ಟು ಕಂಡರೂ ಒಳಗೆ ಗಟ್ಟಿ ಕೀವು ಕಟ್ಟಿಕೊಳ್ಳುವುದುಂಟು, ತುಪ್ಪಳ ಸರಿಸಿ ನೋಡಿ ವೈದ್ಯರಿಗೆ ತೋರಿಸಿ.

ಕಾರವಾರ, ಅಂಕೋಲೆಯ ಕಡೆಯವರು ಈ ಕೆಲಸವನ್ನು ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ಆರಂಭಿಸಬಾರದು. 30 ಡಿಗ್ರಿ ದಾಟಿದರೆ ಮೊಲಕ್ಕೆ ತಾಪಾಘಾತದ ಭಯವಿದೆ, ಓಡಾಟ ಕಚ್ಚಾಟಗಳು ಅದನ್ನು ಹೆಚ್ಚಿಸುತ್ತವೆ. ಮಳೆ ಮುಗಿದು ಚಳಿ ಬಿದ್ದ ಮೇಲಿನ ತಿಂಗಳುಗಳು ಒಳ್ಳೆಯವು.

ಸೌಮ್ಯವಾಗಿದ್ದ ಮೊಲ ಇದ್ದಕ್ಕಿದ್ದಂತೆ ನಿಮ್ಮ ಕೈಗೇ ಹಾರಿ ಕಚ್ಚಿದರೆ ಹಲ್ಲು ನೋವೋ ಪಾದದ ಹುಣ್ಣೋ ಇದೆಯೆಂದು ಮೊದಲು ಶಂಕಿಸಬೇಕೇ ಹೊರತು ಹೊಡೆಯಬಾರದು.

ಎರಡೂ ಒಂದರ ಹಣೆಯನ್ನೊಂದು ನೆಕ್ಕಿ, ಮೈಗೆ ಮೈ ತಾಗಿಸಿ ಮಲಗುವುದನ್ನು ಹಲವು ದಿನ ಕಂಡ ಮೇಲೆ, ತೊಳೆದು ಒಣಗಿಸಿದ ದೊಡ್ಡ ಗೂಡಿಗೆ ಒಟ್ಟಿಗೆ ಸೇರಿಸಿ, ಮೊದಲ ಒಂದು ಹಗಲು ಒಂದು ರಾತ್ರಿ ಕಾವಲಿರಬೇಕು. ಮುಂದೆ ಒಂದನ್ನು ವೈದ್ಯರಲ್ಲಿಗೆ ಒಯ್ಯುವಾಗ ಇನ್ನೊಂದನ್ನೂ ಅದೇ ಬುಟ್ಟಿಯಲ್ಲಿ ಒಯ್ಯಿರಿ, ಏಕೆಂದರೆ ಔಷಧಿಯ ವಾಸನೆ ಹೊತ್ತು ಒಂಟಿಯಾಗಿ ಮರಳಿದ ಜೊತೆಗಾರನನ್ನು ಮನೆಯಲ್ಲಿದ್ದ ಮೊಲ ಗುರುತಿಸದೆ ಅಟ್ಟಾಡಿಸಬಹುದು.